ಟಂಡ್ರಾ ಮರುಭೂಮಿಯಲ್ಲ

ಟಂಡ್ರಾವನ್ನು ‘ಹಿಮದ ಮರುಭೂಮಿ’ ಎಂದು ಬರೆಯುವುದನ್ನು ಇನ್ನಾದರೂ ಬಿಡೋಣ. ಅನುವಾದದಲ್ಲಿ ಈ ಪದ ಬಂದಾಗಲೆಲ್ಲ ಕಂಸದೊಳಗೆ ಆ ಅರ್ಥ ಸೇರಿಸಿ ಎಂದು ಕೇಳುವವರಿದ್ದಾರೆ. ಓದುಗರಿಗೆ ಸುಲಭವಾಗಲಿ ಎಂಬುದು ಅವರ ಕಾಳಜಿ. ಸುಲಭವಾಗುವುದು ತಪ್ಪು ತಿಳಿವಳಿಕೆ ಮಾತ್ರ.

ಅವರ ಪರವಾಗಿಯೂ ಒಂದು ವಾದವಿದೆ. ಆರ್ಕ್ಟಿಕ್ ಟಂಡ್ರಾದ ಹಲವೆಡೆ ವರ್ಷಕ್ಕೆ ಬೀಳುವ ಮಳೆ, ಹಿಮ ಎರಡೂ ಸೇರಿ 250 ಮಿಲಿಮೀಟರ್ ದಾಟುವುದಿಲ್ಲ. ಮರುಭೂಮಿಯ ಅಳತೆಯೇ ಅದು, ಒಪ್ಪೋಣ. ಆದರೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಕೆಳಗಿರುವುದು ಪರ್ಮಾಫ್ರಾಸ್ಟ್, ಅಂದರೆ ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ದಾಟದ ಹೆಪ್ಪುನೆಲ. ಅದರೊಳಗೆ ನೀರು ಇಂಗುವುದಿಲ್ಲ. ಬೇಸಿಗೆಯಲ್ಲಿ ಮೇಲೆಯೇ ನಿಂತು ಬಯಲೆಲ್ಲ ಜೌಗಾಗುತ್ತದೆ. ಕಾಲಿಟ್ಟರೆ ಹೂತುಹೋಗುವ ಇಂಥ ನೆಲ ಯಾವ ಸೀಮೆಯ ಮರುಭೂಮಿ?

ಹೆಪ್ಪುನೆಲದ ಮೇಲೆ ಬೇಸಿಗೆಯಲ್ಲಷ್ಟೇ ಕರಗುವ ಪದರವೊಂದಿದೆ. ಬಹಳ ಕಡೆ ಅರ್ಧ ಮೀಟರಿನ ಆಸುಪಾಸು. ಬೇರುಗಳಿಗೆ ಸಿಗುವುದು ಅಷ್ಟೇ. ಅದರ ಮೇಲ್ಭಾಗದಲ್ಲಿ ಅರೆಬರೆ ಕೊಳೆತ ಸಸ್ಯಗಳ ಪೀಟ್, ಅದರ ಮೇಲೆ ಹಾವಸೆಯ ಹಾಸು. ಹತ್ತಿಹುಲ್ಲಿನ ಗುಪ್ಪೆಗಳು, ಕಲ್ಲುಹೂವು, ಎಷ್ಟೋ ಕಡೆ ಮೊಣಕಾಲೆತ್ತರಕ್ಕೂ ಬಾರದ ವಿಲೋ, ಬರ್ಚ್ ಗಿಡಗಳು ಇಲ್ಲಿ ಬೆಳೆಯುತ್ತವೆ. ಬೇಸಿಗೆಯ ಬಿಸಿ ಕೆಳಗಿಳಿಯದಂತೆ ತಡೆದು ಹೆಪ್ಪುನೆಲವನ್ನು ಕಾಯುವುದು ಈ ಹಾವಸೆ, ಪೀಟುಗಳೇ. ಅವನ್ನು ಕಿತ್ತರೆ ಒಳಗಿನ ಮಂಜುಗಡ್ಡೆ ಕರಗಿ ನೆಲ ಕುಸಿಯುತ್ತದೆ. ಹೆಪ್ಪುನೆಲದ ಸೀಮೆಯ ಮಣ್ಣಿನಲ್ಲಿರುವ ಇಂಗಾಲ, ವಾತಾವರಣದಲ್ಲಿರುವುದರ ಸುಮಾರು ಎರಡು ಪಟ್ಟು. ಕರಗಿದ ಮಣ್ಣನ್ನು ಸೂಕ್ಷ್ಮಾಣುಗಳು ಕೊಳೆಯಿಸಿದಷ್ಟೂ ಅದು ಕಾರ್ಬನ್ ಡೈಆಕ್ಸೈಡ್, ಮೀಥೇನ್ ಆಗಿ ಗಾಳಿಗೆ ಸೇರುತ್ತದೆ.

ಬರಿದು ಎಂಬ ಮಾತು ಯಾರಿಗೆ ಅನುಕೂಲ? 2003ರಲ್ಲಿ ಅಮೆರಿಕದ ಸಚಿವೆ ಗೇಲ್ ನಾರ್ಟನ್, ಅಲಾಸ್ಕದ ಆರ್ಕ್ಟಿಕ್ ವನ್ಯಜೀವಿ ಧಾಮದ ಕರಾವಳಿ ಬಯಲನ್ನು ಬಿಳಿಯ ಶೂನ್ಯವೆಂದು ಬಣ್ಣಿಸಿದರು. ಅಲ್ಲಿ ತೈಲಬಾವಿ ಕೊರೆಯಲು ಅವಕಾಶ ಬೇಕಿತ್ತು. ಅದೇ ಬಯಲನ್ನು ಗ್ವಿಚಿನ್ ಜನ ಬದುಕು ಶುರುವಾಗುವ ಪವಿತ್ರ ಜಾಗವೆನ್ನುತ್ತಾರೆ. ಅವರು ನೆಚ್ಚಿಕೊಂಡ ಕ್ಯಾರಿಬೂ ಹಿಂಡು ಮರಿ ಹಾಕುವುದು ಅಲ್ಲೇ. 1980ರ ದಶಕದ ನಡುವೆ ತೈಲ ಹುಡುಕುತ್ತ ಅಲ್ಲಿ ಓಡಾಡಿದ ಭಾರೀ ವಾಹನಗಳ ಜಾಡು, ಕೆಲವು ಕಡೆ ದಶಕಗಳ ನಂತರವೂ ಮಾಸಿರಲಿಲ್ಲ. ಏನೂ ಇಲ್ಲದ ಜಾಗದಲ್ಲಿ ಗಾಯ ಉಳಿಯುವುದಾದರೂ ಹೇಗೆ?

‘ಟಂಡ್ರಾ’ ರಷ್ಯನ್ ಮೂಲಕ ಬಂದ ಪದ; ಬೇರು ಸಾಮಿ ಭಾಷೆಯಲ್ಲಿದೆ. ಅರ್ಥ, ಮರವಿಲ್ಲದ ಎತ್ತರದ ನೆಲ. ಮರವಿಲ್ಲ ಎಂದಷ್ಟೇ, ಏನೂ ಇಲ್ಲ ಎಂದಲ್ಲ. ಕಾವಲು, ಗೋಮಾಳ ಎಂಬ ಮಾತುಗಳಿರುವ ಕನ್ನಡಕ್ಕೆ ಈ ವ್ಯತ್ಯಾಸ ಹೊಸದೇನಲ್ಲ.

ತೀರಾ ಉತ್ತರದ ಕೆಲವು ದ್ವೀಪಗಳಲ್ಲಿ ನಿಜವಾದ ಧ್ರುವ ಮರುಭೂಮಿ ಇದೆ. ಆ ಹೆಸರು ಅದಕ್ಕೇ ಇರಲಿ. ಉಳಿದ ಕಡೆ ‘ಟಂಡ್ರಾ’ ಎಂದೇ ಇಟ್ಟು, ಹೆಪ್ಪುನೆಲದ ಮೇಲೆ ಹಾವಸೆ, ಹುಲ್ಲು, ಕುಳ್ಳ ಗಿಡಗಳು ಹಬ್ಬಿದ ಬಯಲು ಎಂದು ಒಂದು ಸಾಲು ಹೆಚ್ಚು ಬರೆಯೋಣ. ಕಂಸದಲ್ಲಿ ಹಿಡಿಸದಿದ್ದರೆ ಕಂಸವನ್ನೇ ಬಿಡೋಣ.