ಮುಂದಿನ ಟ್ಯಾಬ್ಲೆಟ್‌ಗಾಗಿ ಕಾಯುವವರಿಗೆ

ಬೋಧನಾಭ್ಯಾಸದ ಶಾಲೆಯಿಂದ ಹಿಂದಿರುಗುವ ಬಸ್ಸಿನಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಮಾತು ಈಚೆಗೆ ಪಾಠ ಯೋಜನೆಯಿಂದ ಆರಂಭವಾಗಿ ಟ್ಯಾಬ್ಲೆಟ್‌ಗಳಲ್ಲಿ ಮುಗಿಯುತ್ತದೆ. ಐಪ್ಯಾಡ್ ಮಿನಿಗೂ ಒಎಲ್‌ಇಡಿ ಪರದೆ ಬರುತ್ತದಂತೆ, ಬಂದ ಮೇಲೆ ಈಗಿನದರ ಬೆಲೆ ಇಳಿಯುತ್ತದಂತೆ, ಬಣ್ಣದ ಇ-ಇಂಕ್ ಇನ್ನಷ್ಟು ಸುಧಾರಿಸುತ್ತದಂತೆ. 'ಅಂತೆ'ಗಳ ಈ ಸಂತೆಯನ್ನು ನಾನು ತಮಾಷೆಯಾಗಿಯೇ ಕೇಳಿಕೊಂಡಿದ್ದೆ. ಆದರೆ ಈ ವರ್ಷ ಕಾಲೇಜಿಗೆ ಆರು ಟ್ಯಾಬ್ಲೆಟ್ ಕೊಳ್ಳುವ ಪ್ರಸ್ತಾಪ ಬಂದಾಗ ಪ್ರಶಿಕ್ಷಣಾರ್ಥಿಗಳೇ ಎದ್ದು ನಿಂತು, "ಸರ್, ಇನ್ನೊಂದು ವರ್ಷ ಕಾಯೋಣ" ಎಂದರು. ಆಗ ತಮಾಷೆ ನಿಂತಿತು. ಏಕೆಂದರೆ ಅದೇ ಮಾತನ್ನು ಹಿಂದೊಮ್ಮೆ ನಾನೇ ಆಡಿದ್ದೆ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಏಳು ಇಂಚಿನ ಪರದೆ, ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಸ್ಪಂದಿಸುವ ರೆಸಿಸ್ಟಿವ್ ಬಗೆಯದು. ಆಗ ನಾನಿದ್ದ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳು ಕೊಟ್ಟ ಒಂದಿಷ್ಟು ಹಣವಿತ್ತು. ಸುಧಾರಿತ ಮಾದರಿ ಬರಲಿ ಎಂದು ನಾನು ಕಡತದ ಮೇಲೆ ಬರೆದೆ. 2012ರ ನವೆಂಬರ್‌ನಲ್ಲಿ ಆಕಾಶ್ 2 ಬಂತು. ಸ್ಪರ್ಶದ ಪರದೆ ನಿಜಕ್ಕೂ ಸುಧಾರಿಸಿತ್ತು. ಅಷ್ಟರಲ್ಲಿ ಐಪ್ಯಾಡ್‌ನ ರೆಟಿನಾ ಪರದೆಯನ್ನು ನೋಡಿದ್ದ ನಾನು, ಅಂಥದ್ದು ಅಗ್ಗಕ್ಕೆ ಸಿಗುವವರೆಗೆ ತಡೆಯೋಣ ಎಂದೆ. ಬಿ.ಇಡಿ. ಆಗ ಒಂದು ವರ್ಷದ ಕೋರ್ಸು. ನನ್ನ ಕಾಯುವಿಕೆಯಲ್ಲಿ ಎರಡು ತಂಡಗಳು ಒಂದು ಟ್ಯಾಬ್ಲೆಟ್ಟನ್ನೂ ಮುಟ್ಟದೆ ಶಾಲೆಗಳಿಗೆ ಹೋದವು.

ಊಹೆ ಮಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಆಧಾರವಿಟ್ಟು ಊಹಿಸುವುದನ್ನು ವಿಜ್ಞಾನ ಪಾಠದಲ್ಲಿ ನಾವೇ ಕಲಿಸುತ್ತೇವೆ. ಆದರೆ ಆಧಾರವನ್ನು ಪೂರ್ತಿ ನೋಡಬೇಕು. ರೆಟಿನಾ ಪರದೆ 2012ರ ಮಾರ್ಚ್‌ನಲ್ಲಿ ದೊಡ್ಡ ಐಪ್ಯಾಡ್‌ಗೆ ಬಂದು, ಮರುವರ್ಷವೇ ಮಿನಿಗೆ ಇಳಿಯಿತು. ಇದನ್ನು ಮಾತ್ರ ನೋಡಿದವರಿಗೆ 'ಒಂದು ವರ್ಷ ಕಾಯೋಣ' ಎನ್ನಿಸುವುದು ಸಹಜ. ಒಎಲ್‌ಇಡಿಯ ಕಥೆ ಬೇರೆ. ಸ್ಯಾಮ್‌ಸಂಗ್ 2014ರಲ್ಲೇ ಗ್ಯಾಲಕ್ಸಿ ಟ್ಯಾಬ್ ಎಸ್‌ನಲ್ಲಿ ಅದನ್ನು ಕೊಟ್ಟಿತ್ತು. ಐಪ್ಯಾಡ್ ಪ್ರೊಗೆ ಅದು ಬಂದದ್ದು 2024ರಲ್ಲಿ. ಹತ್ತು ವರ್ಷ! ಇನ್ನು 2012ರ ಮಾರ್ಚ್‌ನ ಆ 'ಹೊಸ ಐಪ್ಯಾಡ್' ಕೊಂಡವರ ಪಾಡು: ಅಕ್ಟೋಬರ್‌ನಲ್ಲೇ ನಾಲ್ಕನೆಯ ಪೀಳಿಗೆ ಪ್ರಕಟವಾಗಿ ಅವರದು ಹಳೆಯದಾಯಿತು. ಆದರೂ ಆ ಏಳು ತಿಂಗಳು ಅದನ್ನು ಬಳಸಿದ್ದರಲ್ಲ.

ನಮ್ಮ ತರಗತಿಗೆ ಬೇಕಾದ ಪ್ರಶ್ನೆ ಬೇರೆಯದು. ಕಳೆದ ತಿಂಗಳು ಐದನೆಯ ತರಗತಿಯಲ್ಲಿ ಒಂದು ಕನ್ನಡ ಪಾಠ ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ತನ್ನ ಸ್ವಂತ ಟ್ಯಾಬ್ಲೆಟ್ಟನ್ನು ಗುಂಪಿನಿಂದ ಗುಂಪಿಗೆ ದಾಟಿಸುತ್ತಿದ್ದಳು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ನೋಡಲು ಬಹಳ ಚೆಂದ. ಕಿಟಕಿಯ ಬದಿಯ ಗುಂಪಿಗೆ ಬಂದಾಗ ಮಕ್ಕಳು ಓದುವುದನ್ನು ಬಿಟ್ಟು ಹಲ್ಲು ಕಿರಿದು ತಮ್ಮ ಮುಖ ನೋಡಿಕೊಳ್ಳತೊಡಗಿದರು. ನುಣುಪು ಗಾಜಿನ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಪರದೆ ಕಪ್ಪಾದಷ್ಟೂ ಆ ನಾಲ್ಕು ಪಾಲು ಎದ್ದು ಕಾಣುತ್ತದೆ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆ ತಾನೇ ಬೆಳಗುವುದರಿಂದ, ಆರಿದ ಚುಕ್ಕೆ ಅಪ್ಪಟ ಕಪ್ಪು ಎಂಬುದು ನಿಜ. ಆದರೆ ಕಿಟಕಿಯ ಬಳಿ ಆ ಕಪ್ಪಿನ ಮೇಲೂ ಕಿಟಕಿಯೇ ಕಾಣುವುದು. ಅಲ್ಲಿ ಕೆಲಸಕ್ಕೆ ಬರುವುದು ಪರದೆಯ ಪ್ರಖರತೆ ಮತ್ತು ಪ್ರತಿಫಲನ ತಡೆಯುವ ಲೇಪ. ಮರುದಿನ ಆಕೆ ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರ ಹಾಕಿಕೊಂಡು ಬಂದಳು, ಅದೇ ಗುಂಪು ಓದಿತು. ಖರ್ಚು ಸೊನ್ನೆ.

ಅಕ್ಷರದ ಸೂಕ್ಷ್ಮತೆಯ ಮಾತು ಬಂದಾಗ ಮಾತ್ರ ಹೊಸ ಪರದೆಯ ಪರವಾಗಿ ನಾನೂ ವಾದಿಸುತ್ತೇನೆ. ನಮ್ಮ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವುದು ಕೆಳಗಿನ ಒಂದು ಸೀಳು. ರಕಾರದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ಠಕಾರ. 'ರಾಷ್ಟ್ರ' ಎಂದು ಬರೆದರೆ ಒಂದು ಅಕ್ಷರದಡಿ ಎರಡು ಒತ್ತುಗಳು ನೇತಾಡುತ್ತವೆ. ಮೊದಲ ಐಪ್ಯಾಡ್‌ನಲ್ಲಿ ಇಂಚಿಗೆ 132 ಚುಕ್ಕೆಗಳಿದ್ದವು. ಮೂರು ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಅದರಲ್ಲಿ ಸಿಗುವುದು ಹದಿನಾರು ಸಾಲು. ಒತ್ತಕ್ಷರಕ್ಕೆ ಅದರ ಅರ್ಧವೋ ಇನ್ನೂ ಕಡಿಮೆಯೋ. ಆಕಾಶ್‌ನ 800 x 480 ಪರದೆಯ ಲೆಕ್ಕ ಹಾಕಿದರೆ ಅಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ. ಬೆಲೆಯಲ್ಲಿ ಅಜಗಜಾಂತರ, ಧಕಾರದ ಸೀಳಿನ ವಿಷಯದಲ್ಲಿ ಇಬ್ಬರೂ ಸಮಾನ ಬಡವರು! ಇಂಚಿಗೆ 264 ಚುಕ್ಕೆಗಳ ರೆಟಿನಾದಲ್ಲಿ ಅದೇ ಅಕ್ಷರಕ್ಕೆ ಮೂವತ್ತೊಂದು ಸಾಲು ಸಿಗುತ್ತದೆ. ಕಲಿಯುವ ಮಗುವಿಗೆ ಇದು ಆಡಂಬರವಲ್ಲ. ಗೊತ್ತಿರುವ ಪದವನ್ನು ನಾವು ಮಸುಕಾಗಿದ್ದರೂ ಓದಿಬಿಡುತ್ತೇವೆ. ಪದವೇ ಗೊತ್ತಿಲ್ಲದ ಮಗು ಕಂಡದ್ದನ್ನಷ್ಟೇ ಓದಬಲ್ಲದು.

ಬರೆಯುವುದಕ್ಕೂ ಇದೇ ಮಾತು. ಅಗ್ಗದ ಪರದೆಗಳಲ್ಲಿ ಗಾಜಿಗೂ ಒಳಗಿನ ಚಿತ್ರಕ್ಕೂ ನಡುವೆ ಗಾಳಿಯ ತೆರವಿರುತ್ತದೆ. ಲೇಖನಿಯ ತುದಿ ಒಂದೆಡೆ, ಗೆರೆ ಮೂಡುವುದು ತುಸು ಆಚೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಗೆರೆ ಕೈಯ ಹಿಂದೆ ಎಳೆದುಕೊಂಡು ಬರುವುದು ಕಾಣುತ್ತದೆ, 120 ಬಾರಿಯದರಲ್ಲಿ ಕಡಿಮೆ. ದೊಡ್ಡವರು ಇದಕ್ಕೆ ಹೊಂದಿಕೊಳ್ಳುತ್ತಾರೆ. ಅಕ್ಷರ ತಿದ್ದುವ ಮಗುವಿಗೆ ಮಾತ್ರ ಮರಳು ಹರಡಿದ ತಟ್ಟೆಯೇ ಇಂದಿಗೂ ಮೇಲು ಎಂದು ನನ್ನ ಅಭಿಪ್ರಾಯ. ಅದರಲ್ಲಿ ವಿಳಂಬವೇ ಇಲ್ಲ.

ಇ-ಇಂಕ್ ಬಗ್ಗೆ ನಮ್ಮಲ್ಲಿ ಆಸೆ ಹೆಚ್ಚು. ಬಿಸಿಲಿನಲ್ಲೂ ಓದಬಹುದು, ಏಕೆಂದರೆ ಅದು ಕಾಗದದಂತೆ ಬಿದ್ದ ಬೆಳಕನ್ನೇ ಬಳಸುತ್ತದೆ. ಆದರೆ ಪುಟ ಬದಲಾಗುವುದು ನಿಧಾನ, ಬಣ್ಣ ಪೇಲವ. ಕಪ್ಪುಬಿಳುಪಿನಲ್ಲಿ ಇಂಚಿಗೆ 300 ಚುಕ್ಕೆ ಕೊಡುವ ಕೆಲಿಡೋ 3 ಪರದೆ ಬಣ್ಣಕ್ಕೆ ಬಂದಾಗ 150ಕ್ಕೆ ಇಳಿಯುತ್ತದೆ. ಕಥೆ ಓದಿಸಲು ಸಾಕು, ಹೃದಯದ ಕವಾಟಗಳ ಚಲನೆ ತೋರಿಸಲು ಸಾಲದು.

ಹಾಗಾಗಿ ಸಭೆಯಲ್ಲಿ ನಾನು ಈ ವರ್ಷವೇ ಕೊಳ್ಳಬೇಕೆಂದು ಹೇಳಿದೆ. ಒಎಲ್‌ಇಡಿಗೆ ಕಾಯುವುದು ಬೇಡ, ಇಂಚಿಗೆ 200 ಚುಕ್ಕೆಗಿಂತ ಕಡಿಮೆಯದೂ ಬೇಡ. ಪ್ರಶಿಕ್ಷಣಾರ್ಥಿಗಳೆಲ್ಲ ಒಪ್ಪಿಲ್ಲ. ಮುಂದಿನ ತಂಡಕ್ಕೆ ಹಳೆಯ ಸಾಮಾನು ಬಿಟ್ಟುಹೋಗುವುದು ನ್ಯಾಯವೇ ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ, ಬರಿಗೈ ಬಿಟ್ಟುಹೋದ ಅನುಭವ ಅವನಿಗಿಲ್ಲ, ನನಗಿದೆ. ದ-ಧ, ರ-ಠ, ಪ-ಷ ಜೋಡಿಗಳನ್ನೂ 'ಸ್ವಾತಂತ್ರ್ಯ', 'ರಾಷ್ಟ್ರ', 'ವೈಶಿಷ್ಟ್ಯ'ಗಳನ್ನೂ ಮೂರು ಗಾತ್ರಗಳಲ್ಲಿ ಹಾಕಿದ ಒಂದು ಪುಟವನ್ನು ಸಿದ್ಧಪಡಿಸಿದ್ದೇವೆ. ಶನಿವಾರ ಅದನ್ನು ಹಿಡಿದು, ಬಾಗಿಲ ಬಳಿ ಬೆಳಕು ಚೆನ್ನಾಗಿರುವ ಅಂಗಡಿಗೆ ಹೋಗುವುದು. ಪ್ರಶ್ನೆ ಕೇಳಿದ ಆ ಹುಡುಗನೂ ಬರುತ್ತಾನೆ.