ನೀರು ಉಳಿಯಿತು, ಕೆರೆ ಉಳಿಯಿತೇ?

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಪಡಿಸಿತು. ಒಂದು ಬಕೆಟ್ ನೀರಿಗೆ ಬೆರೆಸಿ ಒರೆಸಿದರೆ ಸಾಕು, ಮತ್ತೆ ತೊಳೆಯಬೇಕಿಲ್ಲ ಎನ್ನುವ ದ್ರಾವಣಗಳು ಇಂತಹ ಕಾಲಕ್ಕೆ ಹೇಳಿ ಮಾಡಿಸಿದಂತಿವೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರು ತರುವ ನಗರಕ್ಕೆ ಈ ಉಳಿತಾಯ ಸಣ್ಣದಲ್ಲ.

ಆದರೆ ನೀರಿನ ಉಳಿತಾಯವೇ ಪರಿಸರದ ಸುರಕ್ಷತೆಯಲ್ಲ. ಈ ದ್ರಾವಣಗಳಲ್ಲೂ ಕೊಳೆ ಬಿಡಿಸುವ ಸರ್ಫ್ಯಾಕ್ಟಂಟ್‌ಗಳಿರುತ್ತವೆ. ಕೊನೆಗೆ ಬಕೆಟ್‌ನಲ್ಲಿ ಉಳಿಯುವುದು ಅವುಗಳೊಂದಿಗೆ ಎಣ್ಣೆ, ಬ್ರೇಕಿನ ಲೋಹದ ಪುಡಿ. ಅದನ್ನು ರಸ್ತೆಬದಿಯ ಮಳೆನೀರು ಚರಂಡಿಗೆ ಸುರಿದರೆ ಯಾವ ಶುದ್ಧೀಕರಣವೂ ಇಲ್ಲದೆ ರಾಜಕಾಲುವೆಯ ಮೂಲಕ ಕೆರೆ ಸೇರುತ್ತದೆ. ಮಾರ್ಜಕ ಬೆರೆತ ಕೊಳಚೆಯಿಂದ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅದನ್ನೇ ಒಳಚರಂಡಿಗೆ ಹಾಕಿದರೆ ಶುದ್ಧೀಕರಣ ಘಟಕ ತಲುಪುವ ಅವಕಾಶವಾದರೂ ಇದೆ.

ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಲಾಭ ಕಾರಿನ ಮಾಲೀಕನದು, ವೆಚ್ಚ ಕೆರೆ ದಂಡೆಯ ನಿವಾಸಿಗಳದು. ಸುಲಭವಾಗಿ ಕೊಳೆತು ಕರಗುತ್ತದೆ ಎಂಬ ಭರವಸೆ, ಎಷ್ಟು ದಿನಗಳಲ್ಲಿ ಎಂಬುದನ್ನು ಹೇಳದಿದ್ದರೆ ನಿರರ್ಥಕ. ಕೇಂದ್ರ ಸರ್ಕಾರ 2024ರಲ್ಲಿ ಹೊಸ ಇಕೋಮಾರ್ಕ್ ನಿಯಮಗಳನ್ನು ಹೊರಡಿಸಿತಾದರೂ ಆ ಮುದ್ರೆ ಪಡೆಯುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ದ್ರಾವಣದಲ್ಲಿ ಏನಿದೆ, ಉಳಿದ ನೀರನ್ನು ಎಲ್ಲಿ ಸುರಿಯಬೇಕು ಎಂಬೆರಡನ್ನು ಬಾಟಲಿಯ ಮೇಲೆ ಮುದ್ರಿಸುವುದು ಕಡ್ಡಾಯವಾಗಬೇಕೆಂಬುದು ನನ್ನ ಅಭಿಮತ.