ಗ್ರಂಥಾಲಯದ ಗೋಡೆಗೆ ಊರಿನ ಚಿತ್ರ: ಮೊಳೆ ಹೊಡೆದರಷ್ಟೇ ಸಾಲದು

ರಾಜ್ಯದಲ್ಲಿ ಚಿತ್ರ ಬರೆಯುವವರಿಗೆ ಕೊರತೆಯಿಲ್ಲ. ಬರೆದ ಚಿತ್ರವನ್ನು ತೂಗುಹಾಕುವ ಗೋಡೆಗಳಿಗೆ ಮಾತ್ರ ಕೊರತೆಯಿದೆ. ಮೈಸೂರು, ಧಾರವಾಡ, ಗದಗ, ದಾವಣಗೆರೆ, ಕಲಬುರ್ಗಿಗಳಲ್ಲಿ ಕಲಾಶಾಲೆಗಳು ದಶಕಗಳಿಂದ ನಡೆದುಬಂದಿವೆ. ಅಲ್ಲಿ ಕಲಿತು ಊರಿಗೆ ಮರಳಿ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಾಗಿಯೋ ಫಲಕ ಬರೆಯುವವರಾಗಿಯೋ ಬದುಕು ಸಾಗಿಸುವ ಕಲಾವಿದರ ಕೃತಿಗಳನ್ನು ಅವರ ಊರಿನವರೇ ಕಂಡಿರುವುದಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸುತ್ತಿರುವ ಚಿತ್ರಸಂತೆ ಇಂಥ ಅನೇಕರಿಗೆ ಆಸರೆಯಾಗಿದೆ ಎಂಬುದು ನಿಜ. ಆದರೆ ಅದು ವರ್ಷಕ್ಕೊಮ್ಮೆ ಬರುವ ಜಾತ್ರೆ, ಅದೂ ರಾಜಧಾನಿಯಲ್ಲಿ. ಉಳಿದ ದಿನಗಳಲ್ಲಿ ಉಳಿದ ಊರುಗಳ ಗತಿಯೇನು?

ಈ ಪ್ರಶ್ನೆಗೆ ಉತ್ತರವಾಗಿ ಊರಿನ ಸಾರ್ವಜನಿಕ ಗ್ರಂಥಾಲಯದತ್ತ ಬೆರಳು ತೋರಿಸುವುದು ಸಹಜವೇ ಆಗಿದೆ. ಜಿಲ್ಲೆ ಮತ್ತು ನಗರ ಕೇಂದ್ರ ಗ್ರಂಥಾಲಯಗಳ ಜೊತೆಗೆ ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಈಗ ಅವನ್ನು ‘ಅರಿವು ಕೇಂದ್ರ’ಗಳೆಂದು ಕರೆಯಲಾಗುತ್ತಿದೆ. ಕಲಾ ಗ್ಯಾಲರಿಯ ಹೊಸ್ತಿಲಲ್ಲಿ ಹಿಂಜರಿದು ನಿಲ್ಲುವ ಸಾಮಾನ್ಯ ಮನುಷ್ಯ ಪತ್ರಿಕೆ ಓದಲೆಂದು ಇಲ್ಲಿಗೆ ನಿಸ್ಸಂಕೋಚವಾಗಿ ಬರುತ್ತಾನೆ. ಟಿಕೆಟ್ ಇಲ್ಲ, ಆಹ್ವಾನ ಪತ್ರಿಕೆ ಬೇಕಿಲ್ಲ. ಊರಿನ ಕಲೆಗೆ ಇದಕ್ಕಿಂತ ಹತ್ತಿರದ ಅಂಗಳ ಸಿಗುವುದು ಕಷ್ಟ.

ಆದರೆ ಗೋಡೆ ಖಾಲಿ ಇದೆ ಎಂಬ ಒಂದೇ ಕಾರಣಕ್ಕೆ ಪ್ರದರ್ಶನ ಏರ್ಪಡಿಸಿದರೆ ಅದು ಒಂದು ದಿನದ ಸಮಾರಂಭವಾಗಿ ಮುಗಿದುಹೋಗುತ್ತದೆ. ಸಚಿವರೋ ಶಾಸಕರೋ ಟೇಪು ಕತ್ತರಿಸುತ್ತಾರೆ, ಛಾಯಾಚಿತ್ರ ಪ್ರಕಟವಾಗುತ್ತದೆ, ಮೊಳೆಗಳು ಮಾತ್ರ ಗೋಡೆಯಲ್ಲಿ ಉಳಿಯುತ್ತವೆ. ಹಾಗಾಗಬಾರದೆಂದರೆ ಮೂರು ಸಂಗತಿಗಳು ಮೊದಲೇ ಇತ್ಯರ್ಥವಾಗಬೇಕು: ಗೋಡೆ ಯಾರದು, ಓದುಗನ ಪಾಲೇನು, ಹಣ ಎಲ್ಲಿಂದ.

ಗೋಡೆ ಯಾರದು?

ಸಾರ್ವಜನಿಕ ಗೋಡೆಯ ಮೇಲೆ ಯಾರ ಅಧಿಕಾರ ನಡೆಯಬೇಕೆಂಬ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ನೀಡಲು ಸರ್ಕಾರ ಒಪ್ಪಂದ ಮಾಡಿಕೊಂಡಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಕಟ್ಟಡ ಸುಧಾರಿಸುವುದಕ್ಕೆ ಅವರ ವಿರೋಧವಿರಲಿಲ್ಲ. ಹೆಸರಿಲ್ಲದ ಯುವ ಕಲಾವಿದನೂ ಕಡಿಮೆ ಬಾಡಿಗೆಗೆ ಪ್ರದರ್ಶನ ನಡೆಸಬಹುದಾದ ಜಾಗ ಕೆಲವರ ಆಯ್ಕೆಗೆ ಸೀಮಿತವಾಗಿಬಿಡುತ್ತದೆ ಎಂಬುದು ಅವರ ಆತಂಕವಾಗಿತ್ತು. ಗ್ರಂಥಾಲಯದ ಗೋಡೆಗೂ ಇದೇ ಮಾತು ಅನ್ವಯಿಸುತ್ತದೆ. ಇಲ್ಲಿ ಅಪಾಯವಿರುವುದು ಖಾಸಗಿ ಪ್ರತಿಷ್ಠಾನದಿಂದಲ್ಲ, ಶಿಫಾರಸಿನಿಂದ.

ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿ ಅಂಗೀಕರಿಸಿ, ಮುಂದೆ ಹಲವು ಬಾರಿ ತಿದ್ದುಪಡಿ ಮಾಡಿದ ‘ಗ್ರಂಥಾಲಯ ಹಕ್ಕುಪತ್ರ’ದಲ್ಲಿ ಈ ಬಗ್ಗೆ ಸ್ಪಷ್ಟ ನಿಲುವಿದೆ. ಪ್ರದರ್ಶನಕ್ಕೆ ಜಾಗ ಕೊಡುವ ಗ್ರಂಥಾಲಯ, ಕೇಳುವವರ ನಂಬಿಕೆ ಅಥವಾ ಸಂಘಟನೆ ಯಾವುದೆಂದು ನೋಡದೆ ಎಲ್ಲರಿಗೂ ಸಮಾನವಾಗಿ ಅವಕಾಶ ನೀಡಬೇಕೆಂಬುದು ಅದರ ತಾತ್ಪರ್ಯ. ನಮ್ಮಲ್ಲಿಯೂ ಇಂಥ ಒಂದು ಪುಟದ ನಿಯಮಾವಳಿ ಸಾಕು. ಅರ್ಜಿ ಬಂದ ಕ್ರಮದಲ್ಲಿ ಸರದಿ, ಒಬ್ಬರಿಗೆ ನಿಗದಿತ ಅವಧಿ, ಸೂಚನಾ ಫಲಕದಲ್ಲಿ ಬಹಿರಂಗ ಪಟ್ಟಿ. ಚಿತ್ರದ ಬಗ್ಗೆ ಆಕ್ಷೇಪ ಬಂದರೆ ಅದು ಲಿಖಿತವಾಗಿರಬೇಕು, ತೀರ್ಮಾನವನ್ನು ಸಮಿತಿ ಕೈಗೊಳ್ಳಬೇಕು. ಪ್ರಭಾವಿಯೊಬ್ಬರ ದೂರವಾಣಿ ಕರೆಗೆ ಹೆದರಿ ಗ್ರಂಥಪಾಲಕರು ರಾತ್ರೋರಾತ್ರಿ ಚಿತ್ರ ಇಳಿಸುವ ಸ್ಥಿತಿ ಬರಬಾರದು.

ಓದುಗನ ಪಾಲು

ಇನ್ನು ಓದುಗನ ಮಾತು. ಇಂದು ನಗರಗಳ ಗ್ರಂಥಾಲಯಗಳಲ್ಲಿ ಬೆಳಿಗ್ಗೆಯಿಂದಲೇ ಕುರ್ಚಿ ಹಿಡಿಯುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಯುವಕ ಯುವತಿಯರು. ಬಾಡಿಗೆ ಕೋಣೆಯಲ್ಲಿ ನೆಮ್ಮದಿಯಾಗಿ ಓದಲಾಗದವರಿಗೆ ಆ ಮೌನ ಮತ್ತು ಆ ಮೇಜು ಬಹಳ ದೊಡ್ಡ ಸೌಲಭ್ಯ. ಧ್ವನಿವರ್ಧಕ ಇಟ್ಟು ಉದ್ಘಾಟನೆ ನಡೆಸಿ ಅವರನ್ನು ಎಬ್ಬಿಸಿ ಕಳುಹಿಸುವುದು ಕಲಾಸೇವೆಯಲ್ಲ. ಪ್ರದರ್ಶನಕ್ಕೆ ಪ್ರವೇಶದ್ವಾರ, ಪಡಸಾಲೆ ಹಾಗೂ ಮೆಟ್ಟಿಲ ಬದಿಯ ಗೋಡೆಗಳು ಸೂಕ್ತ. ಸಮಾರಂಭ ಬೇಕೇ ಬೇಕೆಂದರೆ ಅದು ವಾರದ ರಜೆಯ ದಿನ ನಡೆಯಲಿ.

ಚಿತ್ರಗಳಿಗೂ ಅವುಗಳದೇ ಅಗತ್ಯಗಳಿವೆ. ನೇರ ಬಿಸಿಲು ಬಿದ್ದರೆ ಜಲವರ್ಣ ಮಾಸುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ. ಗೋಡೆಯುದ್ದಕ್ಕೂ ಒಂದು ಕಂಬಿ ಕೂರಿಸಿ ಅದರಿಂದ ತಂತಿಯಲ್ಲಿ ಚಿತ್ರ ಇಳಿಬಿಟ್ಟರೆ ಪ್ರತಿಸಲ ಮೊಳೆ ಹೊಡೆಯುವ ಪ್ರಸಂಗ ತಪ್ಪುತ್ತದೆ. ಸ್ವೀಕರಿಸಿದ ಕೃತಿಗಳ ಪಟ್ಟಿಗೆ ಇಬ್ಬರ ಸಹಿ, ಹಾನಿಯಾದರೆ ಹೊಣೆ ಯಾರದೆಂಬ ಒಪ್ಪಂದ, ಇವೂ ಬೇಕು.

ಜಾನಪದ ಚಿತ್ರಕಲೆಗೂ ಇಲ್ಲಿ ಜಾಗವಿರಬೇಕು. ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ದೀವರ ಮಹಿಳೆಯರು ಮದುವೆ, ಹಬ್ಬಗಳಿಗೆ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಬರೆಯುತ್ತ ಬಂದ ಹಸೆ ಚಿತ್ತಾರ ಮೂಲತಃ ಗೋಡೆಯದೇ ಕಲೆ. ಮಣ್ಣಿನ ಗೋಡೆಗಳು ಸಿಮೆಂಟಿಗೆ ಜಾಗ ಬಿಟ್ಟುಕೊಡುತ್ತಿರುವಾಗ ಊರಿನ ಅರಿವು ಕೇಂದ್ರದ ಗೋಡೆ ಅದಕ್ಕೆ ಒದಗಿದರೆ ಹೊಸ ತಲೆಮಾರು ಅದನ್ನು ಕಣ್ಣೆದುರೇ ಕಲಿತೀತು.

ಹಣದ ಮಾತು

1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದನ್ವಯ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ಸೇರಿರುತ್ತದೆ. ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲು ಮಾಡಿ ಗ್ರಂಥಾಲಯಗಳಿಗೆ ತಲುಪಿಸಬೇಕು. ಆದರೆ ವಸೂಲಾದ ಹಣ ಪೂರ್ಣವಾಗಿ ತಲುಪುತ್ತಿಲ್ಲ ಎಂಬ ದೂರು ಹಳೆಯದು. ಹಿಂದಿನ ಬಿಬಿಎಂಪಿಯ ಮೇಲೂ ಇದೇ ಆಕ್ಷೇಪ ವರ್ಷಗಟ್ಟಲೆ ಕೇಳಿಬಂದಿತ್ತು. ಪುಸ್ತಕ ಖರೀದಿಗೇ ಹಣ ಸಾಲದಿರುವಾಗ ಕಂಬಿ, ದೀಪ, ಚೌಕಟ್ಟುಗಳಿಗೆ ಖರ್ಚು ಮಾಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪುಸ್ತಕದ ಬಾಬ್ತಿನಿಂದ ಒಂದು ರೂಪಾಯಿಯನ್ನೂ ಇದಕ್ಕೆ ತೆಗೆಯಬಾರದು. ಬಾಕಿ ಉಳಿದ ಸೆಸ್ ಬಂದರೆ ಎರಡಕ್ಕೂ ಸಾಕಾದೀತು.

ಕಲಾವಿದನ ಖರ್ಚನ್ನೂ ಮರೆಯಲಾಗದು. ಪ್ರಚಾರ ಸಿಗುತ್ತದಲ್ಲ, ಮತ್ತೇನು ಬೇಕು ಎಂಬ ಮಾತಿನಲ್ಲಿ ನಮ್ಮ ಸಂಸ್ಥೆಗಳು ಪಳಗಿವೆ. ಕನಿಷ್ಠಪಕ್ಷ ಚೌಕಟ್ಟು ಮತ್ತು ಸಾಗಾಟದ ವೆಚ್ಚವನ್ನಾದರೂ ಭರಿಸಬೇಕು. ಕೃತಿಯ ಪಕ್ಕದಲ್ಲಿ ಬೆಲೆ ನಮೂದಿಸಲು, ಕೊಳ್ಳುವವರೊಡನೆ ನೇರವಾಗಿ ವ್ಯವಹರಿಸಲು ಅನುಮತಿ ಬೇಕು. ಸರ್ಕಾರಿ ಕಟ್ಟಡದಲ್ಲಿ ಮಾರಾಟ ಕೂಡದೆಂಬ ಹಳೆಯ ಹಟ ಇಲ್ಲಿ ಸಡಿಲವಾಗಲಿ.

ಗ್ರಂಥಾಲಯಕ್ಕೆ ಇದರಿಂದ ಬರುವ ಲಾಭವೂ ಸಣ್ಣದಲ್ಲ. ಪ್ರದರ್ಶನದ ಪಕ್ಕದಲ್ಲೇ ಕೆ. ವೆಂಕಟಪ್ಪ, ಹಾಲಭಾವಿ, ಎಸ್.ಎಂ. ಪಂಡಿತ್, ಕೆ.ಕೆ. ಹೆಬ್ಬಾರರಂಥವರ ಕುರಿತ ಪುಸ್ತಕಗಳ ಒಂದು ಕಪಾಟು ಇಟ್ಟರೆ ಚಿತ್ರ ನೋಡಲು ಬಂದವರು ಪುಸ್ತಕ ಹಿಡಿದು ಮನೆಗೆ ಹೋಗುತ್ತಾರೆ. ಪ್ರದರ್ಶನ ಯಶಸ್ವಿಯಾಯಿತೇ ಎಂಬುದನ್ನು ಉದ್ಘಾಟನೆಗೆ ಸೇರಿದ ಜನರಿಂದ ಅಳೆಯಬೇಕಿಲ್ಲ. ಆ ತಿಂಗಳು ಹೊಸದಾಗಿ ನೋಂದಾಯಿಸಿದ ಸದಸ್ಯರೆಷ್ಟು, ಎರವಲು ಹೋದ ಪುಸ್ತಕಗಳೆಷ್ಟು, ಮಾರಾಟವಾದ ಚಿತ್ರಗಳೆಷ್ಟು ಎಂದು ಲೆಕ್ಕ ಹಾಕಿದರೆ ಸಾಕು.

ಎಲ್ಲ ಗ್ರಂಥಾಲಯಗಳಲ್ಲೂ ಒಮ್ಮೆಲೇ ಆಗಬೇಕೆಂದೇನಿಲ್ಲ. ಕೆಲವು ಜಿಲ್ಲಾ ಕೇಂದ್ರ ಗ್ರಂಥಾಲಯಗಳಲ್ಲಿ ಒಂದು ವರ್ಷ ನಡೆಸಿ ನೋಡಬಹುದು. ಆದರೆ ಟೇಪು ಕತ್ತರಿಸುವ ಮುನ್ನ ನಿಯಮಾವಳಿ ಸೂಚನಾ ಫಲಕಕ್ಕೆ ಬರಲಿ, ಬಾಕಿ ಸೆಸ್ ಗ್ರಂಥಾಲಯದ ಖಾತೆಗೆ ಬರಲಿ. ತೆರಿಗೆಯ ರಸೀದಿಯಲ್ಲಿ ನಾವು ಈಗಾಗಲೇ ಹಣ ಕೊಟ್ಟಿರುವ ಗೋಡೆ ಅದು. ಅದರ ಮೇಲೆ ನಮ್ಮೂರಿನವರ ಚಿತ್ರವನ್ನು ನೋಡುವ ಹಕ್ಕೂ ನಮ್ಮದೇ.